ನೀಲಿ ಪರದೆಯ ಹಿಂದೆ

ಜನ ನಂಬಿ ಅಂಚೆಯಲ್ಲಿ ಕಳಿಸಿದ್ದ ಹಳೆಯ ಫೋಟೋಗಳನ್ನು ವಾಪಸ್ ಕೊಡದೆ ಭಾವ ವೆಬ್‌ಸೈಟ್ ಮುಚ್ಚಿದ. ಫೋಟೋಗಳು ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಯ ಸಣ್ಣ ಕೋಣೆಯಲ್ಲಿ ಉಳಿದವು.

ಹರಿದ, ಮಾಸಿದ, ಹುಳ ತಿಂದ ಫೋಟೋ ಕಳಿಸಿದರೆ ಸರಿಮಾಡಿ, ಹೊಸ ಪ್ರತಿಯ ಜೊತೆಗೆ ಹಳೆಯದನ್ನೂ ಮನೆಗೆ ಮುಟ್ಟಿಸುವ ವ್ಯಾಪಾರ ಅದು. ಭಾವನಿಗೆ ಅದು ನಾಲ್ಕನೆಯ ವೆಬ್‌ಸೈಟ್. ಅದಕ್ಕೂ ಮೊದಲು ಹಳೆ ಪಠ್ಯಪುಸ್ತಕ ಮಾರುವುದೊಂದಿತ್ತು, ಸೈಕಲ್ ಬಾಡಿಗೆಗೆ ಕೊಡುವುದೊಂದಿತ್ತು, ಕಣ್ಣು ಮಂಜಾದ ಮುದುಕರಿಗೆ ಫೋನಿನಲ್ಲಿ ಪೇಪರ್ ಓದಿ ಹೇಳುವುದೊಂದಿತ್ತು. ಮೂರೂ ಹಲ್ಲು ಮೂಡುವ ಮೊದಲೇ ಹೋದವು. "ಇವರಿಗೆ ವೆಬ್‌ಸೈಟ್ ಅಂದ್ರೆ ನೆಗಡಿ ಇದ್ದ ಹಾಗೆ," ಎನ್ನುತ್ತಿದ್ದಳು ಅಕ್ಕ. "ಬರುತ್ತೆ, ಹೋಗುತ್ತೆ. ಹೋಗೋವಾಗ ಮನೇಲಿರೋರಿಗೆಲ್ಲ ಅಂಟಿಸಿ ಹೋಗುತ್ತೆ."

ನಾಲ್ಕನೆಯದು ಅಂಟಿದ್ದು ತಂಗಿಗೆ. ಅವಳು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಬಾಗಿಲು ಹಾಕಿದಾಗ ಒಂದು ಬ್ಯಾಗು ಹಿಡಿದು ಅಕ್ಕನ ಮನೆಗೆ ಬಂದಿದ್ದಳು. ಭಾವ ಸಣ್ಣ ಕೋಣೆ ಬಿಡಿಸಿಕೊಟ್ಟ, ಕಂಪ್ಯೂಟರ್ ತಂದಿಟ್ಟ. ಮಲಗುವುದೂ ಅಲ್ಲೇ, ಕೆಲಸವೂ ಅಲ್ಲೇ. ಬಿರುಕು ಮುಚ್ಚುವುದು, ಕಲೆ ತೆಗೆಯುವುದು ಯಾರಿಗಾದರೂ ಬರುತ್ತದೆ. ಅವಳಿಗೆ ಬರುತ್ತಿದ್ದದ್ದು ಕಣ್ಣು ಬಿಡಿಸುವ ಕೆಲಸ. ಹಳೆಯ ಫೋಟೋದಲ್ಲಿ ಯಾರೋ ಒಬ್ಬರು ರೆಪ್ಪೆ ಮುಚ್ಚಿರುತ್ತಾರೆ. ಇರುವುದು ಅದೊಂದೇ ಫೋಟೋ, ಆ ಮನುಷ್ಯ ಈಗಿಲ್ಲ. ಕಣ್ಣು ತೆರೆದ ಹಾಗೆ ಮಾಡಿಕೊಡಿ ಎಂದು ಜನ ಕೇಳುತ್ತಿದ್ದರು. ತಂಗಿ ಅವರಿಂದ ತಮ್ಮನದೋ ಮಗಳದೋ ಫೋಟೋ ತರಿಸಿಕೊಂಡು, ಆ ಕಣ್ಣನ್ನು ಎತ್ತಿ ಇಲ್ಲಿ ಕೂರಿಸಿ, ರೆಪ್ಪೆಯ ನೆರಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಿದ್ದಳು. ಮನೆತನದ ಕಣ್ಣು ಎಲ್ಲೂ ಹೋಗಿರುವುದಿಲ್ಲ, ಹುಡುಕಬೇಕು ಅಷ್ಟೆ. ಭಾವ ಅವಳನ್ನು ಕಣ್ಣು ಡಾಕ್ಟ್ರು ಅಂತಲೇ ಕರೆಯುತ್ತಿದ್ದ.

ಲಕೋಟೆಗಳನ್ನು ಎತ್ತಿಡಬೇಡ ಎಂದವನೂ ಭಾವನೇ. "ವಿಳಾಸ ಎಲ್ಲಾ ಸಿಸ್ಟಮ್‌ನಲ್ಲಿದೆ ಕಣಮ್ಮ. ಈ ಕಸ ಯಾಕೆ ಗುಡ್ಡೆ ಹಾಕ್ತೀಯ?" ಫೋಟೋದ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ ಲಕೋಟೆ ಬಿಸಾಕುವುದು ರೂಢಿಯಾಯಿತು. ವ್ಯಾಪಾರ ಮಲಗಿತು. ವೆಬ್‌ಸೈಟ್ ಇಟ್ಟಿದ್ದ ಸರ್ವರಿಗೆ ಬಾಡಿಗೆ ಕಟ್ಟುವುದು ನಿಂತಿತು. ವೆಬ್‌ಸೈಟ್ ಹೋದಾಗ ವಿಳಾಸಗಳೂ ಅದರ ಜೊತೆ ಹೋದವು. ಉಳಿದದ್ದು ಮುಖಗಳು, ಬೆನ್ನಿಗೊಂದು ನಂಬರು. ಯಾವ ಮುಖ ಯಾರದು ಎಂದು ಹೇಳಬಲ್ಲವರು ಅದನ್ನು ಕಳಿಸಿದವರು ಮಾತ್ರ. ಅವರು ಕಳಿಸಿದ್ದು ಅಂಚೆ ಕಚೇರಿಯ ಪೆಟ್ಟಿಗೆ ನಂಬರಿಗೆ, ಈ ಮನೆ ಅವರಿಗೆ ಗೊತ್ತಿಲ್ಲ.

ಮೊದಮೊದಲು ತಂಗಿ ಚೀಲಗಳಿಗೆ ಬೆನ್ನು ಹಾಕಿ ಮಲಗುತ್ತಿದ್ದಳು. ಆಮೇಲೆ ಅದೂ ನಿಂತಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಪ್ಲಾಸ್ಟಿಕ್ಕಿನ ಒಳಗಿಂದ ಯಾವನೋ ಮದುಮಗ, ಯಾವುದೋ ಬೊಚ್ಚುಬಾಯಿಯ ಮಗು. ನೋಡುತ್ತಿದ್ದಳು, ಮತ್ತೆ ಆಚೆ ಹೊರಳುತ್ತಿದ್ದಳು. ಊಟಕ್ಕೆ ಕರೆದರೆ ಹೋಗಿ ಉಣ್ಣುತ್ತಿದ್ದಳು. ಉಪ್ಪು ಸರಿಯಿದೆಯಾ ಎಂದು ಅಕ್ಕ ಕೇಳಿದರೆ, ಗೊತ್ತಾಗಲಿಲ್ಲ ಎನ್ನುತ್ತಿದ್ದಳು. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಒಬ್ಬ ಮಾತ್ರ ಮನೆ ಹುಡುಕಿಕೊಂಡು ಬಂದ. ಬಸ್ ಡ್ರೈವರ್. ಪಾರ್ಸೆಲ್ ಹಂಚುವವರನ್ನು ಅಡ್ಡಗಟ್ಟಿ ಕೇಳಿ ಕೇಳಿ ಜಾಗ ಪತ್ತೆ ಮಾಡಿದ್ದ. ಡ್ಯೂಟಿಯ ಬಟ್ಟೆಯಲ್ಲೇ ಇದ್ದ.

"ಅವರು ಮನೇಲಿಲ್ಲ," ಎಂದಳು ಅಕ್ಕ, ಬಾಗಿಲಿಗೆ ಅಡ್ಡ ನಿಂತು.

"ಅವರು ಬೇಡ ನಂಗೆ. ನಮ್ಮಮ್ಮ ಬೇಕು."

ಅಕ್ಕ ಸರಿದು ದಾರಿ ಬಿಟ್ಟಳು. ತಂಗಿಯೂ ಅವನೂ ನೆಲದ ಮೇಲೆ ಕೂತು ಚೀಲಗಳನ್ನು ಸುರಿದುಕೊಂಡರು. ಅವನು ಒಂದೊಂದು ಮುಖವನ್ನೂ ಬೆಳಕಿಗೆ ಹಿಡಿದು, "ಇವರಲ್ಲ... ಇವರಲ್ಲ..." ಎನ್ನುತ್ತ ಮೆಲ್ಲಗೆ ಪಕ್ಕಕ್ಕಿಡುತ್ತಿದ್ದ, ಬಸ್ಸಿನಿಂದ ವಯಸ್ಸಾದವರನ್ನು ಇಳಿಸುವವನ ಹಾಗೆ. ಕೊನೆಗೂ ಸಿಕ್ಕಿತು. ಕುರ್ಚಿಯ ಮೇಲೆ ಕೂತ ಹೆಂಗಸು, ಮಡಿಲಲ್ಲಿ ಕೈ, ಮುಚ್ಚಿದ ಕಣ್ಣು.

"ಕಣ್ಣು ಬಿಡಿಸೋದು ಬಾಕಿ ಇದೆ," ಎಂದಳು ತಂಗಿ.

"ಅದಕ್ಕೇ ಕಳಿಸಿದ್ದು. ಈಗ ಬೇಡ ಬಿಡಿ, ಮುಚ್ಕೊಂಡೇ ಇರ್ಲಿ. ಮನೆಗೆ ಬಂದ್ರೆ ಸಾಕು." ಫೋಟೋವನ್ನು ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಂಡ. ಬಾಗಿಲಲ್ಲಿ ತಿರುಗಿ ನಿಂತ. "ನಾನೇನೋ ಬಸ್ಸಿನವನು, ದಿನಾ ಬೀದಿ ಬೀದಿ ಸುತ್ತೋನು, ಹುಡುಕ್ದೆ. ಉಳಿದೋರು ಏನ್ ಮಾಡ್ಬೇಕು?"

ಅವನು ಹೋದ ಮೇಲೆ ತಂಗಿ ಮುಖಗಳನ್ನೆಲ್ಲ ಬಳಿದು ಚೀಲಕ್ಕೆ ತುಂಬಿದಳು.

ಅಷ್ಟರಲ್ಲಿ ಭಾವನಿಗೆ ಐದನೆಯ ನೆಗಡಿ ಹಿಡಿದಿತ್ತು. ಹೊಸ ವ್ಯಾಪಾರಿಗಳ ಒಂದು ಸಭೆಯಲ್ಲಿ, ಸೋತವರೊಬ್ಬರು ಮಾತಾಡಲಿ ಎಂದು ಅವನನ್ನು ಕರೆದಿದ್ದರು. ಮನೆಗೆ ಬಂದವನ ಕಾಲು ನೆಲದ ಮೇಲಿರಲಿಲ್ಲ.

"ಎದ್ದು ನಿಂತು ಚಪ್ಪಾಳೆ ಹೊಡೆದ್ರು ಕಣೇ. ಗೆದ್ದಾಗ ಒಬ್ಬನೂ ಕರೀಲಿಲ್ಲ, ಸೋತಾಗ ನೋಡು."

"ನೀವು ಗೆದ್ದಿದ್ದು ಯಾವಾಗ?" ಎಂದಳು ಅಕ್ಕ.

ಸೋಲಿನ ಪಾಠಗಳನ್ನೇ ವಿಡಿಯೋ ಮಾಡಿ ಮಾರುವುದೆಂದು ತೀರ್ಮಾನವಾಯಿತು. ಅದಕ್ಕೊಂದು ವೆಬ್‌ಸೈಟ್ ಎದ್ದಿತು. ಬೆಳಕು ಚೆನ್ನಾಗಿ ಬೀಳುವುದು ಸಣ್ಣ ಕೋಣೆಯ ಕಿಟಕಿಯಿಂದ. ಚೀಲಗಳನ್ನು ಗೋಡೆಗೆ ಒತ್ತಿ, ಮುಂದೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ನೀಲಿ ಪರದೆ ಇಳಿಬಿಟ್ಟರು. ಕ್ಯಾಮೆರಾ ಹಿಡಿಯುವುದೂ ವಿಡಿಯೋ ತಿದ್ದುವುದೂ ತಂಗಿಯ ಪಾಲಿಗೆ ಬಂತು. ಯಾರೂ ಕೇಳಲಿಲ್ಲ, ಅವಳೂ ಬೇಡ ಎನ್ನಲಿಲ್ಲ.

ಮೊದಲ ಮೂರು ಪಾಠ ನೀರು ಕುಡಿದ ಹಾಗೆ ಮುಗಿದವು. ಮಾರುಕಟ್ಟೆಯನ್ನು ಅರಿಯಿರಿ, ಒಂದೇ ಸಲ ಎಲ್ಲವನ್ನೂ ಸುರಿಯಬೇಡಿ, ಒಳ್ಳೆಯ ಜೊತೆಗಾರರನ್ನು ಹುಡುಕಿ. ನಾಲ್ಕನೆಯದು ಗಿರಾಕಿಯ ನಂಬಿಕೆ. ಅದರ ಕೊನೆಯಲ್ಲಿ ಕಣ್ಣಲ್ಲಿ ನೀರು ಬರಬೇಕು ಎಂದು ಭಾವ ಮೊದಲೇ ಬರೆದುಕೊಂಡಿದ್ದ. ಬರಲೊಲ್ಲದು. ಬೆಳಗಿನಿಂದ ಹೇಳಿದ್ದನ್ನೇ ಹೇಳಿದ. ಸದ್ದಾಗುತ್ತದೆಂದು ಫ್ಯಾನ್ ಆರಿಸಿದ್ದರು. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅಕ್ಕ ನೀರು ತಂದು ಇಟ್ಟು ಹೋದಳು, ಮತ್ತೆ ಬಂದು ಖಾಲಿ ಲೋಟ ಎತ್ತಿಕೊಂಡು ಹೋದಳು.

ಕೊನೆಗೊಮ್ಮೆ ಕೂಡಿಬಂತು. "ಅಂದು ನನ್ನ ಮುಂದೆ ಎರಡು ದಾರಿಗಳಿದ್ದವು," ಎಂದ ಭಾವ, ಪಾಠದ ದನಿಯಲ್ಲಿ. "ಸುಮ್ಮನೆ ಬಾಗಿಲು ಹಾಕಬಹುದಿತ್ತು. ಹಾಕಲಿಲ್ಲ. ಒಂದೊಂದು ಫೋಟೋವನ್ನೂ ಅದರ ಮನೆಗೆ ಮುಟ್ಟಿಸಿದ ಮೇಲೆಯೇ ನಾನು ದೀಪ ಆರಿಸಿದೆ. ವ್ಯಾಪಾರ ಹೋಗಲಿ, ನಂಬಿಕೆ ಹೋಗಬಾರದು." ದನಿ ಒಡೆಯಿತು. ಕಣ್ಣು ತುಂಬಿ ಒಂದು ಹನಿ ನಿಜವಾಗಿಯೂ ಜಾರಿತು.

ತಂಗಿ ಕ್ಯಾಮೆರಾದಲ್ಲಿ ಆ ಹನಿ ಸ್ಪಷ್ಟವಾಗಿದೆಯೇ ಎಂದು ನೋಡಿಕೊಂಡಳು. ಅದೇ ಹೊತ್ತಿಗೆ ಅವನ ಭುಜದ ಹಿಂದೆ ಒಂದು ಕ್ಲಿಪ್ಪು ಬಿಟ್ಟು ಪರದೆಯ ಮೂಲೆ ಇಳಿದದ್ದೂ ಕಂಡಿತು. ನಿಲ್ಲಿಸಿ ಎನ್ನಲಿಲ್ಲ. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಭಾವ ಮುಖ ಒರೆಸಿಕೊಂಡು, ಅಕ್ಕನನ್ನೂ ಕರೆದು, ಕಂಪ್ಯೂಟರಿನ ಮುಂದೆ ಕೂತ ತಂಗಿಯ ಬೆನ್ನಿಗೆ ನಿಂತ. ಮೂವರೂ ನೋಡಿದರು.

"ಅಲ್ಲಿ ಯಾರೋ ಇಣುಕ್ತಿದ್ದಾರಲ್ಲ," ಎಂದಳು ಅಕ್ಕ.

ಭಾವನ ಭುಜದ ಮೇಲಿಂದ ಒಂದು ಮಗುವಿನ ಮುಖ, ಅದರ ಮೇಲೆ ಯಾರದೋ ಕೈ, ಪಕ್ಕದಲ್ಲಿ ಒಬ್ಬ ಅಜ್ಜಿಯ ಅರ್ಧ ಮುಖ. ಚೀಲದ ಹೊಟ್ಟೆ ಪರದೆಯಿಂದ ಆಚೆ ಬಂದಿತ್ತು.

"ಥೂ," ಎಂದ ಭಾವ. "ಹೋಗ್ಲಿ, ಅದನ್ನ ಅಳಿಸಿಬಿಡು. ಇವತ್ತೇ ಹಾಕ್ಬೇಕು ವಿಡಿಯೋನ."

"ಇನ್ನೊಂದ್ಸಲ ಹೇಳಿದ್ರೆ ಆಗಲ್ವಾ?" ಎಂದಳು ಅಕ್ಕ.

"ಇನ್ನೊಂದ್ಸಲ ಅಳು ಬರಲ್ಲ ಕಣೇ ನಂಗೆ. ಇದಕ್ಕೇ ಬೆಳಗಿಂದ ಒದ್ದಾಡಿದೀನಿ. ಏನು ಕಣ್ಣು ಡಾಕ್ಟ್ರೇ, ಮುಚ್ಚಿದ ಕಣ್ಣೇ ಬಿಡಿಸೋರಿಗೆ ಒಂದು ಚೀಲ ದೊಡ್ಡದಾ?"

ದೊಡ್ಡದೇನಲ್ಲ. ಅವಳ ಕೈ ತನ್ನಷ್ಟಕ್ಕೆ ಮೌಸ್ ಹಿಡಿಯಿತು. ಚೀಲದ ಸುತ್ತ ಗೆರೆ ಎಳೆಯಿತು. ಪರದೆಯ ನೀಲಿಯನ್ನು ಸ್ವಲ್ಪ ಎತ್ತಿ ಅದರ ಮೇಲೆ ಹರಡಿದರೆ ಆಯಿತು. ಮಗುವಿಗೆ ಕೆಳಗೆ ಎರಡೇ ಹಲ್ಲು. ಯಾವುದೋ ಮನೆಯಲ್ಲಿ ಯಾರೋ ಈ ವಿಡಿಯೋ ನೋಡುತ್ತಾರೆ. ಒಂದೊಂದೂ ಮನೆಗೆ ಮುಟ್ಟಿತು ಎಂದು ಕೇಳಿಸಿಕೊಳ್ಳುತ್ತಾರೆ. ಎಲ್ಲರದೂ ತಲುಪಿದೆ, ನಮ್ಮದೊಂದೇ ದಾರಿಯಲ್ಲಿ ಕಳೆದಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಆಮೇಲೆ ಯಾರೂ ಹುಡುಕುವುದಿಲ್ಲ. ಬಸ್ಸಿನವನ ಹಾಗೆ ಸುತ್ತುವವರೂ ಹುಡುಕುವುದಿಲ್ಲ. ಈ ಮೂಲೆ ಹೀಗೇ ಉಳಿದರೆ ಯಾರಾದರೊಬ್ಬರು ವಿಡಿಯೋ ನಿಲ್ಲಿಸಿ, ಇದು ನಮ್ಮ ಪಾಪು ಅಲ್ಲವಾ ಎನ್ನಬಹುದು.

ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಎಳೆದ ಗೆರೆಯನ್ನು ತೆಗೆದುಹಾಕಿ ಮೌಸ್ ಪಕ್ಕಕ್ಕೆ ಸರಿಸಿದಳು.

"ಅಳಿಸಲ್ಲ ಭಾವ."

"ಏನು?"

"ಚೀಲ ಇರ್ಲಿ. ನೋಡಿದೋರು ಕೇಳ್ಕೊಂಡು ಬರ್ತಾರೆ."

"ಬರ್ತಾರೆ. ಬಂದು ನನ್ನ ಕುತ್ತಿಗೆ ಪಟ್ಟಿ ಹಿಡೀತಾರೆ. ತಲೆಗಿಲೆ ಕೆಟ್ಟಿದೆಯಾ?"

ಅಕ್ಕ ಬಗ್ಗಿ ಅವಳ ಭುಜ ಹಿಡಿದಳು. ದನಿ ತಗ್ಗಿಸಿದಳು. "ಹೇಳಿದಷ್ಟು ಮಾಡೇ. ಈ ರೂಮು ಬಿಟ್ರೆ ನಿಂಗೆ ಇನ್ನೆಲ್ಲಿದೆ, ಹೇಳು."

"ಎಲ್ಲೂ ಇಲ್ಲ," ಎಂದಳು ತಂಗಿ. ಉಪ್ಪಿನ ವಿಚಾರ ಹೇಳುವ ದನಿಯಲ್ಲೇ ಹೇಳಿದಳು.

ಭಾವ ಕುರ್ಚಿಯ ಬೆನ್ನು ಹಿಡಿದು ಅಲುಗಾಡಿಸಿದ. "ಏಳು ಅಲ್ಲಿಂದ. ಬೇರೆ ಯಾರ ಹತ್ರನಾದ್ರೂ ಮಾಡಿಸ್ತೀನಿ. ಏಳು."

"ಏಳಲ್ಲ," ಎಂದಳು.