ಏಳನೇ ಬಾಗಿಲಿನ ಮಾತು

"ಅಲ್ಲಿ ಮಾತಿಲ್ಲ ಕಣಮ್ಮಾ," ಗಾಜಿನ ಆಚೆಯಿಂದ ಮೇಷ್ಟ್ರು ಕೈ ಎತ್ತಿದರು. "ಮಾತಿಲ್ಲದ ಕಡೆ ಯಾಕೆ ಬಾಯಿ ತೆಗೀತೀಯ?"

ಅವಳು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಎದುರಿನ ಪರದೆಯ ಮೇಲೆ ಕಾರ್ಟೂನಿನ ರಾಜಕುಮಾರಿ ಅರಮನೆಯ ಏಳನೇ ಬಾಗಿಲ ಹೊಸ್ತಿಲಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಳು. ಆರು ಬಾಗಿಲು ದಾಟಿ ಬಂದಿದ್ದಾಳೆ, ಇದೊಂದು ದಾಟಿದರೆ ಮಾಟಗಾತಿಯ ಶಾಪದಿಂದ ಬಿಡುಗಡೆ. ಅಷ್ಟರಲ್ಲಿ ಒಳಗೆ ಉಳಿದ ಜಿಂಕೆಮರಿ ಅರಚುತ್ತದೆ. ರಾಜಕುಮಾರಿ ನಿಲ್ಲುತ್ತಾಳೆ, ಒಂದು ಮಾತು ಹೇಳುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಹೋಗಬಾರದಿತ್ತು, ಆದರೂ ಹೋಗುತ್ತಾಳೆ, ಕಥೆಯೇ ಅದು.

"ಇದೆ ಮೇಷ್ಟ್ರೇ. 'ಬಂದೆ ಕಣೇ, ಬಂದೆ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ತೀನಿ ನಾನು?' ಅಂತ. ಊರಿಗೆಲ್ಲ ಗೊತ್ತಿರೋ ಮಾತು."

"ಹಳೇದರಲ್ಲಿ ಇದೆ. ಮೂಲದಲ್ಲಿ ಇಲ್ಲ. ಅಲ್ಲಿ ಬರೀ ಪಿಟೀಲು. ಕಂಪನಿಯೋರು ಕಳಿಸಿರೋ ಹಾಳೆ ನೋಡು, ಆ ಜಾಗ ಖಾಲಿ. ನಿಮ್ಮಮ್ಮ ಎಲ್ಲಿಂದ ಹೆಕ್ಕಿ ತಂದರೋ ಅದನ್ನ, ದೇವರಿಗೇ ಗೊತ್ತು."

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ಆ ಸ್ಟುಡಿಯೋದಲ್ಲಿ ಕಂಠದಾನ ಮಾಡಿಸುವವರನ್ನು ಎಲ್ಲರೂ ಕರೆಯುವುದೇ ಹಾಗೆ. ನಲವತ್ತು ವರ್ಷದ ಕೆಳಗೆ ಈ ಚಿತ್ರ ನಮ್ಮ ಭಾಷೆಗೆ ಬಂದಾಗ ಬೇರೆ ಮೇಷ್ಟ್ರು ಇದ್ದರು, ಅವರು ಹೋಗಿ ಬಹಳ ಕಾಲವಾಯಿತು. ಆಗ ರಾಜಕುಮಾರಿಗೆ ಗಂಟಲು ಕೊಟ್ಟವಳು ಇವಳ ತಾಯಿ. ಈಗ ಕಂಪನಿಯವರು ಚಿತ್ರವನ್ನು ತಿಕ್ಕಿ ತೊಳೆದು, ಬಣ್ಣ ಬಳಿದು ಮತ್ತೆ ಥಿಯೇಟರಿಗೆ ತರುತ್ತಿದ್ದಾರೆ. ಹಳೆಯ ಧ್ವನಿ ಗೊರಗೊರ ಅನ್ನುತ್ತದಂತೆ, ಅದಕ್ಕೆ ಹೊಸ ಧ್ವನಿ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ, ನೀನೇ ಮಾಡು" ಎಂದಿದ್ದರು ಮೇಷ್ಟ್ರು. ಅವಳು ಹೂಂ ಅಂದುಬಿಟ್ಟಿದ್ದಳು. ಯಾಕೆ ಅಂದಳೋ! ಅಂದು ಮನೆಗೆ ಹೋಗುವಷ್ಟರಲ್ಲೇ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತ್ತು.

ಏಕೆಂದರೆ ತಾಯಿಗೆ ಈಗ ಗಂಟಲಿಲ್ಲ. ಎರಡು ವರ್ಷದ ಹಿಂದೆ ಆಪರೇಷನ್ ಆಯಿತು; ಉಳಿದದ್ದು ಉಸಿರಿನಷ್ಟು ಪಿಸುಮಾತು. ಬೇರೆ ಚಿತ್ರಗಳೆಲ್ಲ ಮೂಲೆ ಸೇರಿದ್ದವು; ಆ ಧ್ವನಿ ಅಂತ ಎಲ್ಲಾದರೂ ಬದುಕಿದ್ದರೆ ಈ ಒಂದು ಚಿತ್ರದಲ್ಲಿ ಮಾತ್ರ. ಡಾಕ್ಟರು ಒಂದು ಸಲ ಕತ್ತರಿಸಿದ್ದನ್ನು ಹೆತ್ತ ಮಗಳು ಎರಡನೇ ಸಲ ಕತ್ತರಿಸಲು ಹೊರಟಿದ್ದಳು. ಸೋಪಿನ ಜಾಹೀರಾತು, ಒಂದು ವಾರದ ಕೆಲಸ ಅಂತ ತಾಯಿಗೆ ಸುಳ್ಳು ಹೇಳಿದ್ದಳು.

"ಹತ್ತು ನಿಮಿಷ ಬಿಡುವು," ಎಂದರು ಮೇಷ್ಟ್ರು.

ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದಳು. ಬಿಸಿನೀರು ಹಿಡಿದಳು, ಕುಡಿಯಲಿಲ್ಲ. ಏಣಿಯ ಮೇಲೆ ನಿಂತು ದೀಪ ಬದಲಾಯಿಸುತ್ತಿದ್ದ ಎಲೆಕ್ಟ್ರಿಷಿಯನ್‌ನ ಫೋನು ಬಡಿದುಕೊಂಡಿತು. ಅವನು ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಬಂದೆ ಕಣೇ, ಬಂದೆ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ತೀನಿ ನಾನು?" ಎಂದು ರಾಗವಾಗಿ ಅಂದು ಇಟ್ಟುಬಿಟ್ಟ. ಹೆಂಡತಿಯೇ ಇರಬೇಕು. ನೋಡಿ, ಆ ಮಾತು ಹೀಗೆ ಊರಲ್ಲೆಲ್ಲ ಓಡಾಡಿಕೊಂಡಿದೆ. ಆಸ್ಪತ್ರೆಯಲ್ಲಿ ನರ್ಸುಗಳು ಹೇಳುತ್ತಾರೆ, ಬಸ್ಸಿಗೆ ಓಡುವವರು ಹೇಳುತ್ತಾರೆ. ಚಿತ್ರದುದ್ದಕ್ಕೂ ಗ್ರಂಥದ ಭಾಷೆ ಆಡುವ ರಾಜಕುಮಾರಿ ಅದೊಂದು ಕಡೆ ಮಾತ್ರ ಅಡಿಗೆಮನೆಯ ಹೆಂಗಸಿನ ಹಾಗೆ ಮಾತಾಡುತ್ತಾಳಲ್ಲ, ಅದಕ್ಕೇ ಇರಬೇಕು ಜನರ ಬಾಯಲ್ಲಿ ನಿಂತದ್ದು.

ಇವಳಿಗೆ ಮಾತ್ರ ಆ ಚಿತ್ರ ಕಂಡರೆ ಚಿಕ್ಕಂದಿನಿಂದ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅನ್ನುವುದೂ ಸುಳ್ಳೇ. ನೆರೆಮನೆಯ ಮಕ್ಕಳೆಲ್ಲ ಟೀವಿಯ ಮುಂದೆ ಕೂತಾಗ ಇವಳು ಎದ್ದು ಹೋಗಿ ಬಾಗಿಲ ಹಿಂದೆ ನಿಂತು, ಗೋಡೆಗೆ ಕಿವಿ ಕೊಟ್ಟು, ಪ್ರತಿಯೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡವಳು. ಅದು ಅಮ್ಮನ ಧ್ವನಿ. ಊರಿನ ಮಕ್ಕಳಿಗೆಲ್ಲ ಸಿಕ್ಕುವ ಧ್ವನಿ, ತನಗೆ ಮಾತ್ರ ಸಿಗದ ಧ್ವನಿ. ತಂದೆ ಇಲ್ಲದ ಮನೆ. ಅಮ್ಮ ಬೆಳಿಗ್ಗೆ ಸ್ಟುಡಿಯೋಗೆ ಹೋದರೆ ಸಂಜೆ ದೀಪ ಹಚ್ಚಿದ ಮೇಲೇ ಬರುವುದು, ಬಂದವಳು ಗಂಟಲು ಉಳಿಸಿಕೊಳ್ಳಬೇಕೆಂದು ಮಾತೇ ಆಡುವುದಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹದಿನಾರರ ವಯಸ್ಸಿನಲ್ಲಿ ಮುಖಕ್ಕೆ ಹೊಡೆದಂತೆ ಅಂದಿದ್ದಳು ಒಮ್ಮೆ. ಆಮೇಲೆ ಇವಳೂ ಅದೇ ಕಸುಬು ಹಿಡಿದಳು ಅನ್ನುವುದು ತಮಾಷೆ. ಫೋನಿನಲ್ಲಿ "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ" ಅನ್ನುವ ಹೆಂಗಸು ಇವಳೇ. ದಿನಕ್ಕೆ ಎಷ್ಟು ಸಾವಿರ ಜನ ಹಿಡಿಶಾಪ ಹಾಕುತ್ತಾರೋ ಲೆಕ್ಕವಿಲ್ಲ.

ಅಂದು ಮಧ್ಯಾಹ್ನ ಅವಳು ಮುಂದಿನ ಮಾತುಗಳನ್ನು ಆಡಲೇ ಇಲ್ಲ. ತಲೆನೋವು ಅಂದು ಮನೆಗೆ ಬಂದಳು.

"ಅಮ್ಮಾ," ಎಂದಳು, ಚಪ್ಪಲಿ ಬಿಡುತ್ತ.

ಒಳಗಿನಿಂದ ಲೋಟಕ್ಕೆ ಚಮಚ ಬಡಿದ ಸದ್ದು, ಎರಡು ಸಲ. ಗಂಟಲು ಹೋದ ಮೇಲೆ ಆ ಮನೆಯ ಪದ್ಧತಿಯೇ ಅದು. ಒಂದು ಸಲ ಬಡಿದರೆ ಬೇಡ. ಎರಡು ಸಲ ಬಡಿದರೆ ಇದೀನಿ, ಬಂದೆ. ಒಂದೇ ಸಮನೆ ಬಡಿದರೆ ಒಲೆಯ ಮೇಲೇನೋ ಸೀಯುತ್ತಿದೆ, ಓಡಿ ಬಾ ಅಂತ.

ತಾಯಿ ಕಿಟಕಿಯ ಪಕ್ಕ ಬಟ್ಟೆ ಮಡಿಸುತ್ತ ಕೂತಿದ್ದಳು. ಕೊರಳಿಗೆ ಸುತ್ತಿದ ಬಿಳಿ ಬಟ್ಟೆಯ ಮೇಲೆ ಬೆರಳಿಟ್ಟುಕೊಂಡರೆ ಮಾತು ಸ್ವಲ್ಪ ಹೊರಡುತ್ತದೆ. ಮಗಳು ಎದುರಿಗೆ ಕೂತಳು, ಎದ್ದಳು, ಮತ್ತೆ ಕೂತಳು.

"ಅಮ್ಮ, ನಾನು ಮಾಡ್ತಿರೋದು ಸೋಪಿನ ಜಾಹೀರಾತಲ್ಲ."

"ಗೊತ್ತು," ಎಂದಿತು ಪಿಸುಮಾತು. "ವಾರದಿಂದ ಬಚ್ಚಲಮನೇಲಿ ರಾಜಕುಮಾರಿ ಮಾತು ಹೇಳ್ಕೋತಿದ್ದೀಯ. ನಂಗೆ ಹೋಗಿರೋದು ಗಂಟಲು ಕಣೇ, ಕಿವಿಯಲ್ಲ."

ಮಗಳ ಮುಖ ಕೆಂಪಾಯಿತು. ತಾಯಿ ಭುಜ ಕುಣಿಸುತ್ತ ಸದ್ದಿಲ್ಲದೆ ನಕ್ಕಳು.

"ಕೋಪ ಇಲ್ವಾ?"

"ಇದೆ. 'ಅಯ್ಯೋ' ಅನ್ನೋದನ್ನ ತುಂಬಾ ಎಳೀತೀಯ. ಅವಳು ರಾಜಕುಮಾರಿ, ಹಲ್ಲುನೋವಿನೋಳಲ್ಲ."

ಒಂದು ಗಳಿಗೆ ಇಬ್ಬರೂ ನಕ್ಕರು. ಆಮೇಲೆ ಮಗಳು ಏಳನೇ ಬಾಗಿಲಿನ ಮಾತು ತೆಗೆದಳು. ಮೂಲದಲ್ಲಿ ಅದಿಲ್ಲವಂತೆ, ಯಾರು ಬರೆದದ್ದು, ಎಲ್ಲಿಂದ ಬಂತು ಅಂತ ಕೇಳಿದಳು. ತಾಯಿ ಮಡಿಸುತ್ತಿದ್ದ ಟವಲನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಯಾರೂ ಬರೀಲಿಲ್ಲ. ತಪ್ಪು ಅದು. ನನ್ನ ತಪ್ಪು."

"ಏನು ಹಾಗಂದ್ರೆ?"

"ಆಗೆಲ್ಲ ಒಂದೇ ಮೈಕು. ಏಳು ಜನ ಸುತ್ತ ನಿಂತು ಆಡಬೇಕು. ಒಬ್ಬರು ತಪ್ಪಿದ್ರೆ ಎಲ್ಲರೂ ಮತ್ತೆ ಮೊದಲಿಂದ." ತಾಯಿ ನಿಂತು ನಿಂತು ಹೇಳಿದಳು. ನಾಲ್ಕು ಮಾತಿಗೊಮ್ಮೆ ಉಸಿರು ಬೇಕು. "ನಿನಗೆ ನಾಲ್ಕು ವರ್ಷ. ಬಿಟ್ಟು ಬರೋಕೆ ಯಾರೂ ಇರಲಿಲ್ಲ ಅವತ್ತು. ಹೊರಗೆ ವಾಚ್‌ಮನ್ ಸ್ಟೂಲ್ ಮೇಲೆ ಕೂರಿಸಿದ್ದೆ. ಅವನು ಎಲ್ಲೋ ಹೋದ. ನೀನು ಬಾಗಿಲು ತಳ್ಕೊಂಡು ಬಂದು ಅಮ್ಮಾ ಅಂತ ಕಿರುಚಿದೆ. ನನ್ನ ಬಾಯಿಗೆ ಬಂದುಬಿಡ್ತು, ಗುಬ್ಬಿ. ರಾಜಕುಮಾರಿ ಗಂಟಲಲ್ಲೇ ಬಂದುಬಿಡ್ತು."

ಗುಬ್ಬಿ ಎಂದು ಅವಳನ್ನು ಕರೆದು ಎಷ್ಟೋ ವರ್ಷವಾಗಿತ್ತು.

"ಎಲ್ಲರೂ ಬೈತಾರೆ ಅಂತ ನಡುಗ್ತಿದ್ದೆ. ಆಗಿನ ಮೇಷ್ಟ್ರು ಕಣ್ಣೊರೆಸ್ಕೊಂಡು, ಇರ್ಲಿ ಬಿಡಮ್ಮ, ಹೇಗೂ ಅವಳು ಬೆನ್ನು ಹಾಕಿದಾಳೆ, ತುಟಿ ಕಾಣಲ್ಲ ಅಂದರು. ನಿನ್ನ ಅಳೂ ಇದೆ ಅದರಲ್ಲಿ. ಜಿಂಕೆಮರಿ ಕೂಗಿನ ಅಡಿಯಲ್ಲಿ."

ಮಗಳಿಗೆ ಸಿಟ್ಟೇ ಮೊದಲು ಬಂತು. "ನಲವತ್ತು ವರ್ಷ ಇಟ್ಕೊಂಡಿದ್ಯಲ್ಲ ಹೊಟ್ಟೇಲಿ! ಒಂದು ಸಲ ಹೇಳೋಕೆ ಏನಾಗಿತ್ತು ನಿಂಗೆ? ಅದು ನಂಗೆ ಹೇಳಿದ ಮಾತು ಅಂತ ಗೊತ್ತಿದ್ದಿದ್ರೆ ನಾನು..."

"ಬಂದೆ ಅಂದೆ," ತಾಯಿ ನಡುವೆಯೇ ಅಂದಳು. "ಅಂದು, ಮತ್ತೆ ಮೈಕಿನ ಮುಂದೇ ನಿಂತೆ. ಯಾರೋ ನಿನ್ನ ಎತ್ಕೊಂಡು ಹೋಗಿ ಹೊರಗೆ ಕೂರಿಸಿದರು. ಸಂಜೆ ಕೆಲಸ ಮುಗಿಸಿ ಬರೋ ಹೊತ್ತಿಗೆ ಅತ್ತೂ ಅತ್ತೂ ಸ್ಟೂಲ್ ಮೇಲೇ ನಿದ್ದೆ ಹೋಗಿದ್ದೆ ನೀನು. ಊರೆಲ್ಲ ಆ ಮಾತು ಹೇಳ್ತಾ ತಿರುಗುತ್ತೆ. ನಾನು ಬರಲಿಲ್ಲ ಅಂತ ನಂಗೊಬ್ಬಳಿಗೇ ಗೊತ್ತು. ಯಾವ ಮುಖ ಇಟ್ಕೊಂಡು ಹೇಳಲಿ?"

ಅಷ್ಟು ಮಾತಾಡಿದ್ದಕ್ಕೆ ಕೆಮ್ಮು ಬಂತು. ಮಗಳು ನೀರು ತಂದುಕೊಟ್ಟು, ಬೆನ್ನು ನೀವುತ್ತ ನಿಂತಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಎಲ್ಲರಿಗಿಂತ ಮೊದಲು ಬಂದು ಅವಳು ಹಳೆಯ ಧ್ವನಿಯನ್ನು ಹೆಡ್‌ಫೋನಿಗೆ ಹಾಕಿಕೊಂಡಳು. ಗೊರಗೊರ. ಪಿಟೀಲು. ಜಿಂಕೆಮರಿಯ ಅರಚು. ಮೊದಲ ಸಲ ಏನೂ ಕೇಳಿಸಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು, ಮತ್ತೆ. ಕಣ್ಣು ಮುಚ್ಚಿಕೊಂಡಾಗ ಸಿಕ್ಕಿತು: ಅರಚಿನ ಕೊನೆಯಲ್ಲಿ, ಬಾಲದ ತುದಿಯ ಹಾಗೆ, ಒಂದು ಮಗುವಿನ "ಮ್ಮಾ". ಅದರ ಬೆನ್ನಿಗೇ ಅಮ್ಮ. "ಬಂದೆ ಕಣೇ, ಬಂದೆ." ಜಗತ್ತಿನಲ್ಲಿ ಯಾರಿಗೂ ಅಷ್ಟು ಅವಸರವಾಗಿ ಅಮ್ಮ ಉತ್ತರ ಕೊಟ್ಟದ್ದನ್ನು ಅವಳು ಕೇಳಿರಲಿಲ್ಲ.

"ಈ ಒಂದು ತುಣುಕು ಹಾಗೇ ಇರಲಿ ಮೇಷ್ಟ್ರೇ," ಎಂದು ಅವರು ಬಂದ ಕೂಡಲೇ ಗಂಟುಬಿದ್ದಳು. "ಹೊಸದರಲ್ಲಿ ಅಮ್ಮನ ಈ ಮಾತೊಂದನ್ನ ಸೇರಿಸಿಬಿಡಿ. ಕೈ ಮುಗೀತೀನಿ." ಯಾಕೆಂದೂ ಹೇಳಿದಳು.

ಮೇಷ್ಟ್ರು ಕೆಟ್ಟವರಲ್ಲ. ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು, ಅವಳೆದುರೇ ಕಂಪನಿಗೆ ಫೋನು ಹಚ್ಚಿದರು. ಆ ಕಡೆಯವರು ಬಹಳ ಮರ್ಯಾದೆಯಿಂದ ಇಲ್ಲವೆಂದರು. ಮೂಲದಲ್ಲಿ ಮೌನ ಇದೆ, ಎಲ್ಲ ಭಾಷೆಯಲ್ಲೂ ಮೌನವೇ ಇರಬೇಕು. ಮೇಷ್ಟ್ರು ಇನ್ನೊಂದು ಸಲ ಕೇಳಿದರು, ಸ್ವಲ್ಪ ಜಗಳವನ್ನೂ ಆಡಿದರು. ಏನೂ ಗಿಟ್ಟಲಿಲ್ಲ.

"ಹಾಗಾದರೆ ನಾನು ಮಾಡಲ್ಲ," ಎಂದು ಅವಳು ಚೀಲ ಎತ್ತಿಕೊಂಡು ಹೊರಟಳು. ಮನೆಯಲ್ಲಿ ಅದನ್ನೇ ತಾಯಿಗೂ ಹೇಳಿದಳು. ತಾಯಿ ಚಮಚ ತೆಗೆದುಕೊಂಡು ಲೋಟಕ್ಕೆ ಬಡಿದಳು. ಒಂದೇ ಸಲ.

"ಬೇಡ ಅಂದ್ರೆ? ನಿನ್ನ ಧ್ವನಿ ನಾನೇ ಅಳಿಸಲಾ?"

"ನೀನು ಬಿಟ್ರೆ ಇನ್ನೊಬ್ಬಳು ಅಳಿಸ್ತಾಳೆ. ರಾಜಕುಮಾರಿ ಯಾರ ಮನೆಗೋ ಹೋಗೋ ಬದಲು ನಮ್ಮನೇಲೇ ಇರ್ಲಿ. ಹೋಗು. ಆ 'ಅಯ್ಯೋ' ಸರಿ ಮಾಡ್ಕೋ."

ಹೋದಳು. ವಾರವೆಲ್ಲ ರಾಜಕುಮಾರಿಯಾಗಿ ನಕ್ಕಳು, ಬೆದರಿದಳು, ಮಾಟಗಾತಿಯ ಎದುರು ಗ್ರಂಥದ ಭಾಷೆಯಲ್ಲಿ ವಾದಿಸಿದಳು. ಏಳನೇ ಬಾಗಿಲು ಬಂದಾಗ ಬಾಯಿ ಬಿಗಿಹಿಡಿದು ನಿಂತಳು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದ್ದಕ್ಕೆ ಕಣ್ಣಲ್ಲಿ ನೀರಾಡಿತು. ಮೈಕಿಗೆ ಸಿಕ್ಕಿದ್ದು ಒಂದು ಉಸಿರು.

"ಉಸಿರು ಇರ್ಲಿ," ಎಂದರು ಮೇಷ್ಟ್ರು. "ಉಸಿರಿಗೆ ಯಾರೂ ತಕರಾರು ಮಾಡಲ್ಲ."

ಮೊದಲ ಪ್ರದರ್ಶನ ಒಂದು ಭಾನುವಾರ ಬೆಳಿಗ್ಗೆ. ಥಿಯೇಟರಿನ ತುಂಬ ಅಪ್ಪ ಅಮ್ಮಂದಿರು. ಮಕ್ಕಳನ್ನು ಕರೆತಂದದ್ದು ನೆಪ. ಬಂದವರು ತಮಗಾಗಿಯೇ ಬಂದವರು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಾಯಿ ಕೊರಳಿಗೆ ಹೊಸ ಬಟ್ಟೆ ಸುತ್ತಿಕೊಂಡು, ಮಗಳ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಪರದೆಯ ಮೇಲೆ ಮಗಳ ಗಂಟಲಲ್ಲಿ ತನ್ನ ಮಾತುಗಳು ಬರುತ್ತಿದ್ದರೆ ಅವಳ ತುಟಿ ಮಾತ್ರ ಅಲುಗುತ್ತಿತ್ತು. 'ಅಯ್ಯೋ' ಬಂದಾಗ ಪರವಾಗಿಲ್ಲ ಎಂಬಂತೆ ತಲೆ ಆಡಿಸಿದಳು. ಮಗಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲಿನ ಮೇಲೆ ಕಾಲು ಹಾಕಿದಳು, ತೆಗೆದಳು. ಐದನೇ ಬಾಗಿಲು. ಆರನೇ ಬಾಗಿಲು. ಈಗ ಎದ್ದು ಹೋಗಿಬಿಡಲೇ ಅನ್ನಿಸಿತು, ಚಿಕ್ಕವಳಿದ್ದಾಗಿನ ಹಾಗೆ.

ಏಳನೇ ಬಾಗಿಲು. ರಾಜಕುಮಾರಿ ಬೆನ್ನು ಹಾಕಿ ನಿಂತಳು. ಜಿಂಕೆಮರಿ ಅರಚಿತು. ಪಿಟೀಲು, ಆಮೇಲೆ ಒಂದು ಉಸಿರು, ಆಮೇಲೆ ಏನೂ ಇಲ್ಲ.

ಹಿಂದಿನ ಸಾಲಿನಿಂದ ಯಾವನೋ ಗಂಡಸು, ಮಗುವಿಗೆ ಕಥೆ ಹೇಳುವವನ ಹಾಗೆ, "ಬಂದೆ ಕಣೇ, ಬಂದೆ" ಎಂದ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ನಗುತ್ತಲೇ ಇನ್ನೊಂದು ಹೆಣ್ಣುದನಿ ಸೇರಿತು, ಮತ್ತೊಂದು ಸೇರಿತು, ಆಮೇಲೆ ಯಾರು ಶುರು ಮಾಡಿದರು ಯಾರು ಸೇರಿದರು ಅನ್ನುವುದೇ ತಿಳಿಯದಂತೆ ಕತ್ತಲಿನ ತುಂಬ ಜನ ಅಂದರು, "ನಿನ್ನ ಬಿಟ್ಟು ಎಲ್ಲಿಗೆ ಹೋಗ್ತೀನಿ ನಾನು?"

ಮಗಳು ಪಕ್ಕಕ್ಕೆ ತಿರುಗಿದಳು. ತಾಯಿ ಪರದೆ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದಳು. ತುಟಿ ಈಗ ಅಲುಗುತ್ತಿರಲಿಲ್ಲ. ಇಬ್ಬರ ನಡುವಿದ್ದ ಕುರ್ಚಿಯ ಮರದ ಕೈಯ ಮೇಲೆ ಅವಳು ಉಂಗುರದ ಬೆರಳಿನಿಂದ ಬಡಿದಳು, ಎರಡು ಸಲ.