ಕೆಡ್ಲಿರಾಯರು ಮತ್ತು ನಾಲ್ಕನೆಯ ಕಾರ್ಡು

ಯಂತ್ರವೊಂದು ನಿಂತುಹೋದಾಗ ಮುಖವರಳುವ ಮನುಷ್ಯರೆಂದು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ನಮ್ಮ ನಿಮ್ಮಂಥವರ ಮನೆಯಲ್ಲಿ ಫ್ಯಾನು ನಿಂತರೆ ನಾವು ಮೊದಲು ಅದನ್ನು, ಆಮೇಲೆ ಅದನ್ನು ಕೊಂಡುತಂದವರನ್ನು, ಕಡೆಗೆ ನಮ್ಮ ಹಣೆಬರಹವನ್ನು ಬಯ್ಯುತ್ತೇವೆ; ಇವರು ಮಾತ್ರ, ಬಹುಕಾಲ ತಲೆಮರೆಸಿಕೊಂಡಿದ್ದ ನೆಂಟ ತಾನಾಗಿಯೇ ಬಾಗಿಲಿಗೆ ಬಂದನೆಂಬಂತೆ ಎರಡೂ ಕೈ ಉಜ್ಜಿಕೊಂಡು, "ಬಂದ್ಯಾ? ಬಾ" ಎನ್ನುತ್ತಿದ್ದರು. ಯಂತ್ರ ಕೆಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಅವರಿಗೆ ಸಾಲದು. ಅದು ಅವರ ಕಣ್ಣೆದುರು ಕೆಡಬೇಕು, ಒಂದಲ್ಲ ಎರಡು ಸಲ ಕೆಡಬೇಕು, ಮೂರನೆಯ ಸಲ ಅವರು ಹೇಳಿದ ಹೊತ್ತಿಗೆ ಕೆಡಬೇಕು. ಅಲ್ಲಿಯವರೆಗೆ ಸ್ಕ್ರೂಡ್ರೈವರು ಚೀಲದಿಂದ ಹೊರಬರುವುದಿಲ್ಲ. ಅವಸರ ಮಾಡಿದವರಿಗೆ ಒಂದೇ ಉತ್ತರ: "ಕೆಡ್ಲಿ, ಕೆಡ್ಲಿ." ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ ಪೆಟ್ಟಿಗೆಯ ತಳ ಸೇರಿ, ಅವರು ಎಲ್ಲರ ಬಾಯಲ್ಲೂ ಕೆಡ್ಲಿರಾಯರಾಗಿ ಉಳಿದರು.

ಮೂಲತಃ ಅವರು ಮೋಟರು ರೀವೈಂಡಿಂಗ್ ಮಾಡುತ್ತಿದ್ದವರು. ಬಲಭುಜದ ಚೀಲದ ಭಾರಕ್ಕೆ ಪ್ರತಿಯಾಗಿ ಮೂವತ್ತು ವರ್ಷ ಎಡಕ್ಕೆ ವಾಲಿ ನಡೆದು, ಚೀಲವಿಲ್ಲದಾಗಲೂ ಎಡಕ್ಕೇ ವಾಲುತ್ತಿದ್ದರು. ಮೈಮೇಲೆ ಸದಾ ಒಂದು ದಪ್ಪ ಕಂದು ಕೋಟು. ಯಂತ್ರಗಳ ಬಿಸಿಯಲ್ಲಿ ನಾವೆಲ್ಲ ಅಂಗಿ ಬಿಚ್ಚಿ ಬೀಸಿಕೊಳ್ಳುತ್ತಿರುವಾಗ ಅವರು ಆ ಕೋಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಕೂರುತ್ತಿದ್ದರು. ಆ ಗುಂಡಿಗಳೋ, ಒಂದೊಂದೂ ಒಂದೊಂದು ಗಾತ್ರದವು, ಎಲ್ಲವೂ ಮರದವು. ಕೇಳಿದಾಗ ಹೇಳಿದರು: "ಮೊದಲು ಹಿತ್ತಾಳೆಯವೇ ಇದ್ದವು ಸ್ವಾಮಿ. ಒಂದು ಕಿತ್ತು ಯಂತ್ರದೊಳಗೆ ಬಿತ್ತು. ಆ ಯಂತ್ರ ಕೆಡಿಸಿದೋನು ನಾನೇ." ಇಷ್ಟು ಹೇಳುವಾಗ ಅವರ ದನಿಯಲ್ಲಿದ್ದ ಗಾಂಭೀರ್ಯವನ್ನು ನಾನು ಕೆಲವರ ವಿವಾಹವಿಚ್ಛೇದನದ ಕಥೆಗಳಲ್ಲೂ ಕೇಳಿಲ್ಲ.

ಅವರನ್ನು ಹತ್ತಿರದಿಂದ ನೋಡುವ ಯೋಗ ಒದಗಿದ್ದು ಭಾವನ ಮನೆಯಲ್ಲಿ. ಭಾವ, ಎಂದರೆ ನನ್ನ ಅಕ್ಕನ ಗಂಡ, ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವವರು. ಐವತ್ತು ನಿಮಿಷದ ದಾರಿಯನ್ನು ನಲವತ್ತೆಂಟಕ್ಕೆ ಇಳಿಸಿದ ದಿನ ಊಟ ರುಚಿಸುವ, ಇಳಿಸಲಾಗದ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವ ಪ್ರಕೃತಿ. ಅಂಥವರ ಕೈಗೆ ಕ್ರಿಪ್ಟೋ ಮೈನಿಂಗ್ ಯಂತ್ರ ಸಿಕ್ಕಿದ್ದನ್ನು ಅಕ್ಕ ಮಂಗನ ಕೈಯ ಮಾಣಿಕ್ಯಕ್ಕೆ ಹೋಲಿಸುತ್ತಾಳೆ. ಹೋಲಿಕೆ ಅವಳದು, ನನ್ನದಲ್ಲ. ಗಣಿಗಾರಿಕೆ ಎಂದೊಡನೆ ಗುದ್ದಲಿ, ಧೂಳು, ಸುರಂಗಗಳನ್ನೆಲ್ಲ ಕಲ್ಪಿಸಿಕೊಂಡು ಹೋದ ನನಗೆ ಅಲ್ಲಿ ಕಂಡದ್ದು, ಕಬ್ಬಿಣದ ಚೌಕಟ್ಟಿನಲ್ಲಿ ಒಣಹಾಕಿದ ಬಟ್ಟೆಗಳಂತೆ ಸಾಲಾಗಿ ತೂಗುಬಿದ್ದ ಆರು ಗ್ರಾಫಿಕ್ಸ್ ಕಾರ್ಡುಗಳು ಮತ್ತು ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಅವು ಹಗಲಿರುಳೂ ಏನೋ ಗಣಿತ ಮಾಡುತ್ತವೆ. ಗಣಿತದ ಕೊನೆಗೆ ಕಣ್ಣಿಗೆ ಕಾಣದ ನಾಣ್ಯದ ಒಂದು ಚೂರು ಹುಟ್ಟುತ್ತದೆ. ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿಗೆ ಅವನ್ನು ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರಂತೆ. ಭಾವನಿಗೆ ಆ ನಾಣ್ಯದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ವೇಗದ ಅಂಕಿ ಏರುವುದನ್ನು ನೋಡುವುದೇ ಅವರಿಗೆ ಬ್ರಹ್ಮಾನಂದ.

ತೊಡಕೇನೆಂದರೆ, ಯಂತ್ರ ಕುಳಿತಿದ್ದದ್ದು ಅಕ್ಕನ ಹೊಲಿಗೆ ಕೋಣೆಯಲ್ಲಿ. ಅವಳ ಬಟ್ಟೆ ಕತ್ತರಿಸುವ ಮೇಜು ನಡುಮನೆಗೆ ಗಡೀಪಾರಾಗಿ, ಬಂದವರೆಲ್ಲ ಅರ್ಧ ಹೊಲಿದ ತೋಳುಗಳ ಮೇಲೆ ಕೂರುವಂತಾಗಿತ್ತು. ಅಷ್ಟಾಗಿಯೂ ಯಂತ್ರ ದಿನಕ್ಕೆ ಮೂರು ಸಲ ಸುಮ್ಮನೆ ನಿಂತುಬಿಡುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅಕ್ಕ, ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡು, ತೀರ್ಪು ಕೊಟ್ಟಳು.

"ಎಂಟು ದಿನ. ಒಂದೇ ಒಂದು ಸಲಾನೂ ನಿಲ್ಲದೆ ಎಂಟು ದಿನ ಓಡ್ಲಿ, ಕೋಣೆ ನಿಮ್ಮದೇ. ನಿಂತ್ರೆ ಅದು ಆಚೆ, ನನ್ನ ಮೇಜು ಒಳಗೆ."

"ರಿಪೇರಿ ಮಾಡಿದೋರ ತಪ್ಪಿಂದ ನಿಂತ್ರೆ?" ಎಂದರು ಭಾವ.

"ಆಗ ಇನ್ನೊಂದು ಎಂಟು ದಿನ. ನಾನೇನು ರಾಕ್ಷಸೀನಾ?"

ಹೀಗೆ ಕೆಡ್ಲಿರಾಯರ ಪ್ರವೇಶವಾಯಿತು. ಬಂದವರು ಏನಾಗಿದೆ ಎಂದು ಕೇಳಲಿಲ್ಲ. "ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?" ಎಂದು ಕೇಳಿದರು. ಭಾವ ತಾವು ಮಾಡಿದ ಚಿಕಿತ್ಸೆಗಳನ್ನು ವರ್ಣಿಸಿದರು: ವೋಲ್ಟೇಜು ತಗ್ಗಿಸಿದ್ದು, ಫ್ಯಾನು ತಿರುಗಿಸಿದ್ದು, ಹೊಸ ಕೇಬಲು, ಹೊಸ ಪ್ರೋಗ್ರಾಮು, ಎಲ್ಲವೂ ಒಂದೇ ಭಾನುವಾರ.

"ನಾಲ್ಕು ಔಷಧಿ ಒಟ್ಟಿಗೆ ಕುಡಿದ್ರೆ, ಯಾವುದರಿಂದ ವಾಸಿ ಆಯ್ತು, ಯಾವುದರಿಂದ ವಾಂತಿ ಆಯ್ತು, ಹೇಗೆ ಗೊತ್ತಾಗ್ಬೇಕು ಸಾರ್?" ಎಂದು ರಾಯರು ಸ್ಟೂಲಿನ ಮೇಲೆ ಕುಳಿತರು.

ಅಂದು ಯಂತ್ರ, ವೈದ್ಯರನ್ನು ಕಂಡೊಡನೆ ಇಳಿಯುವ ಜ್ವರದಂತೆ, ಹಟ ಹಿಡಿದು ಓಡಿತು. ಕಾದು ಕಾದು ಬೇಸತ್ತ ನಾನು, ಬರಹಗಾರನಿಗೆ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಇರಲೇಬೇಕಲ್ಲ, ಮನೆಯ ಕರೆಂಟೇ ಸರಿಯಿಲ್ಲವೆಂದು ಘೋಷಿಸಿದೆ. "ಇರಬಹುದು ಸ್ವಾಮಿ" ಎಂದು ರಾಯರು ಎದ್ದು, ಗೋಡೆಯ ಪ್ಲಗ್ಗಿಗೆ ಮೀಟರು ಹಿಡಿದು, ಸರಿಯಾಗಿಯೇ ಇರುವುದನ್ನು ನನಗೆ ತೋರಿಸಿ, ಹೆಗಲ ಮೇಲೆ ಕೈಯಿಟ್ಟು ಸಂತೈಸಿದರು. ಹನ್ನೊಂದೂವರೆಗೆ ಸದ್ದು ಗಕ್ಕನೆ ನಿಂತಿತು. ಭಾವ ತಲೆ ಮೇಲೆ ಕೈ ಹೊತ್ತರು. ರಾಯರು ಕೈ ಉಜ್ಜಿಕೊಂಡರು: "ಬಂದ್ಯಾ? ಬಾ."

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಒಂದೊಂದೇ ತಂತಿಯನ್ನು ಕೈಯ ಬೆನ್ನಿನಿಂದ ಮೃದುವಾಗಿ ಮುಟ್ಟುತ್ತ ಹೋದರು, ಮಲಗಿದ ಮಗುವಿನ ಜ್ವರ ನೋಡುವಂತೆ. ಅಂಗೈಯಿಂದ ಯಾಕೆ ಮುಟ್ಟುವುದಿಲ್ಲವೆಂದು ಕೇಳಿದೆ. "ಕರೆಂಟು ಹೊಡೆದ್ರೆ ಅಂಗೈ ಹಿಡ್ಕೊಂಡುಬಿಡುತ್ತೆ. ಕೈಬೆನ್ನು ಬಿಟ್ಟು ಬರುತ್ತೆ. ಇಲ್ಲಿ ಅಷ್ಟು ಜೋರಿನ ಕರೆಂಟಿಲ್ಲ, ಅಭ್ಯಾಸ ಅಷ್ಟೆ." ಒಂದು ಕಡೆ ಕೈ ನಿಂತಿತು. ಬಗ್ಗಿ ಮೂಸಿದರು. ಕಾರ್ಡುಗಳನ್ನು ಹೊತ್ತ ಪುಟ್ಟ ಹಲಗೆಗಳಲ್ಲಿ ಮೂರಕ್ಕೆ ಒಂದೇ ತೆಳು ಕೇಬಲಿನಿಂದ ಕರೆಂಟು ಹೋಗುತ್ತಿತ್ತು. ಅದರ ಬಿಳಿಯ ಕನೆಕ್ಟರು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಮತ್ತೆರಡು ಸಲ ಕೆಡಿಸಿ, ಹನ್ನೆರಡು ವೋಲ್ಟು ಇರಬೇಕಾದಲ್ಲಿ ಮೀಟರು ಹನ್ನೊಂದಕ್ಕೆ ಕುಸಿಯುವುದನ್ನು ಕಣ್ಣಾರೆ ಕಂಡಮೇಲೆಯೇ ಅವರು ಬಾಯಿಬಿಟ್ಟರು: "ಮೂವರು ಒಂದೇ ಹಗ್ಗ ಹಿಡ್ಕೊಂಡು ಬಾವಿಗೆ ಇಳಿದಿದಾರೆ."

ಮೂವರಿಗೂ ಬೇರೆ ಬೇರೆ ಹಗ್ಗವಾಯಿತು. ಆದರೂ ಮಧ್ಯಾಹ್ನ ಯಂತ್ರ ಇನ್ನೊಮ್ಮೆ ನಿಂತಿತು. ರಾಯರ ಸಂತೋಷಕ್ಕೆ ಪಾರವಿಲ್ಲ: "ಕಾಯಿಲೆ ಎರಡಿವೆ!"

ಇಷ್ಟರಲ್ಲಿ ಕೊರಳಲ್ಲಿ ಅಳತೆಪಟ್ಟಿ ತೂಗುಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಅಕ್ಕ, ಯಂತ್ರದ ಪರದೆಯ ಮೇಲಿನ ವೇಗದ ಅಂಕಿಗಳನ್ನು ನೋಡಿ ಕೇಳಿದಳು. "ಏನ್ರೀ ಇದು, ಆರಕ್ಕೂ ಒಂದೇ ನಂಬರು ಹಾಕಿದೀರಾ?"

"ಆರೂ ಒಂದೇ ಕಂಪನೀದು ಕಣೇ. ಒಂದೇ ದಿನ ತಂದದ್ದು."

"ಒಂದೇ ತಾಯಿ ಮಕ್ಕಳಾದ್ರೂ ಒಂದೇ ಅಳತೆಗೆ ಹೊಲಿದ್ರೆ ಯಾರಿಗೂ ಹಿಡಿಸಲ್ಲ. ಇವನನ್ನೂ ನನ್ನನ್ನೂ ನೋಡಿ," ಎಂದು ನನ್ನ ಹೊಟ್ಟೆಯತ್ತ ಬೆರಳು ತೋರಿದಳು.

ರಾಯರು ಎದ್ದು ನಿಂತರು. "ಅಮ್ಮಾ, ಇದನ್ನು ಕಲಿಯೋಕೆ ನನಗೆ ಮೂರು ವರ್ಷ ಹಿಡೀತು."

ಎರಡು ದಿನ ಅವರು ಆರೂ ಕಾರ್ಡುಗಳನ್ನು ತಯಾರಕರ ವೇಗಕ್ಕೆ ಇಳಿಸಿ, ಒಂದೊಂದನ್ನೇ ಮೆಟ್ಟಿಲು ಹತ್ತಿಸುವಂತೆ ಏರಿಸಿ, ಎಡವಿದ ಮೆಟ್ಟಿಲಿನಿಂದ ಎರಡು ಮೆಟ್ಟಿಲು ಕೆಳಗಿಳಿಸಿ, ಪ್ರತಿಯೊಂದರ ಮೈಮೇಲೂ ಬಿಳಿಯ ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ಅದರದರ ಅಂಕಿ ಬರೆದರು. ನಾಲ್ಕನೆಯದು ಎಲ್ಲರಿಗಿಂತ ಬಡವ. "ಇದರ ಶಕ್ತಿ ಇಷ್ಟೇ. ಬಯ್ಯಬೇಡಿ" ಎಂದರು. ಅಷ್ಟರಲ್ಲಿ ಅಕ್ಕ ಅವರ ಕೋಟು ಬಿಚ್ಚಿಸಿ, ಜೋತಾಡುತ್ತಿದ್ದ ಎರಡು ಗುಂಡಿಗಳನ್ನು ಭದ್ರ ಮಾಡಿದ್ದಳು.

ಎಂಟು ದಿನಗಳ ಎಣಿಕೆ ಶುರುವಾಯಿತು. ಒಂದಾಯಿತು, ಮೂರಾಯಿತು, ಆರಾಯಿತು. ಜೇನುಗೂಡು ಒಂದೇ ಶ್ರುತಿಯಲ್ಲಿ ಹಾಡಿತು. ಅಕ್ಕ ಮೇಜಿಗೆ ನಡುಮನೆಯಲ್ಲೇ ಶಾಶ್ವತ ಜಾಗ ಹುಡುಕತೊಡಗಿದಳು. ಏಳನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಪರದೆ ನೋಡುತ್ತಿದ್ದ ನನ್ನ ಬಾಯಿಂದ, ಮಾತು ಆಡದಿದ್ದರೆ ಕಾಫಿ ಇಳಿಯದ ನನ್ನ ಈ ಬಾಯಿಂದ, ಒಂದು ಮಾತು ಜಾರಿತು: "ನಾಲ್ಕನೇದು ಒಂದೇ ಹಿಂದೆ ಬಿದ್ದಿದೆ, ಪಾಪ." ಭಾವ, ಐವತ್ತು ನಿಮಿಷದ ದಾರಿಯನ್ನು ನೋಡುವ ಕಣ್ಣಿನಲ್ಲಿ, ಪರದೆಯನ್ನು ನೋಡಿದರು. ಆರು ದಿನ ನಿಲ್ಲದೆ ಓಡಿದ್ದು ಯಂತ್ರಕ್ಕೆ ಇನ್ನೂ ಶಕ್ತಿಯಿದೆ ಎಂಬುದಕ್ಕೆ ಪುರಾವೆಯಲ್ಲವೇ? ಓವರ್‌ಕ್ಲಾಕಿನವರ ತರ್ಕವೇ ಅದು. ನಾನು ಲೋಟ ತೊಳೆದಿಡುವಷ್ಟರಲ್ಲಿ ಮನೆ ನಿಶ್ಶಬ್ದವಾಗಿತ್ತು.

ರಾಯರು ಬಂದರು. ಕೈಬೆನ್ನಿನಿಂದ ಮುಟ್ಟಿದರು, ಎಲ್ಲ ತಂಪು. ಮೂಸಿದರು, ವಾಸನೆಯಿಲ್ಲ. ನಾಲ್ಕನೆಯದರ ಪಟ್ಟಿಯ ಮೇಲಿನ ಅಂಕಿ ಓದಿದರು, ಪರದೆಯ ಮೇಲಿನ ಅಂಕಿ ಓದಿದರು. ಐವತ್ತು ಹೆಚ್ಚಿತ್ತು. ಭಾವ ಅವರ ಕಿವಿಯ ಬಳಿ ಬಗ್ಗಿ, ನನಗೂ ಕೇಳಿಸುವಷ್ಟು ಮೆಲ್ಲಗೆ ಬೇಡಿದರು. "ಕೇಬಲ್ಲು ಅಂದುಬಿಡಿ ರಾಯರೇ. ಇನ್ನೆಂಟು ದಿನ ಸಿಗುತ್ತೆ. ನಿಮ್ಮ ದಮ್ಮಯ್ಯ." ನಾನು ಸೂರಿನ ಜೇಡರ ಬಲೆಯನ್ನು ಅಧ್ಯಯನ ಮಾಡುತ್ತಿದ್ದೆ.

ರಾಯರು ಯಾರ ಮೇಲೂ ದೂರು ಹೇಳಲಿಲ್ಲ. "ಅಮ್ಮಾ, ಸ್ವಲ್ಪ ಬನ್ನಿ" ಎಂದು ಅಕ್ಕನನ್ನು ಕರೆದು, ಪಟ್ಟಿಯ ಅಂಕಿಗೆ ಇಳಿಸಿ ಒಂದು ಗಂಟೆ ಓಡಿಸಿದರು, ನಿಲ್ಲಲಿಲ್ಲ. ಭಾವನ ಅಂಕಿಗೆ ಏರಿಸಿದರು. "ಕೆಡ್ಲಿ" ಎಂದು ಕೈ ಕಟ್ಟಿ ಕುಳಿತರು. ಹನ್ನೊಂದನೆಯ ನಿಮಿಷಕ್ಕೆ ಕೆಟ್ಟಿತು. ಮತ್ತೆ ಏರಿಸಿದರು, ಮತ್ತೆ ಕೆಟ್ಟಿತು. ಮೂರನೆಯ ಸಲ ಅಕ್ಕನೇ ಗಡಿಯಾರ ನೋಡಿ, "ಈಗ" ಎಂದಳು. ನಿಂತಿತು.

"ಯಂತ್ರದ್ದೇನೂ ತಪ್ಪಿಲ್ಲಮ್ಮ," ಎಂದರು ರಾಯರು. ಆಮೇಲೆ ಭಾವನ ಕಡೆ ತಿರುಗಿ, ಬಹಳ ಮೆತ್ತಗೆ, "ನನ್ನ ಹಿತ್ತಾಳೆ ಗುಂಡಿಯೂ ಹೀಗೇ ಸಾರ್" ಎಂದರು. ಭಾವ ಮೊದಲು ಕೆಂಪಾದರು, ಆಮೇಲೆ ನಕ್ಕರು, ಆಮೇಲೆ ತಾವೇ ಮೇಜಿನ ಒಂದು ತುದಿ ಹಿಡಿದು ಎತ್ತಿದರು. ಇನ್ನೊಂದು ತುದಿ ನನ್ನ ಪಾಲಿಗೆ ಬಂತು.

ಯಂತ್ರವೂ ನನ್ನ ಪಾಲಿಗೇ ಬಂತು. ಸಾಕ್ಷಿಯೇ ಭಾವನ ಕಿವಿ ಊದಿದ್ದು ಹೇಗೋ ಅಕ್ಕನಿಗೆ ತಿಳಿದು, ಅದನ್ನು ನನ್ನ ಬರೆಯುವ ಕೋಣೆಗೆ ಸಾಗಹಾಕಿದಳು. ಈ ಸಾಲುಗಳನ್ನು ಅದರ ಮೊರೆತದ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಐದು ತಿಂಗಳಿಂದ ಅದು ನಿಂತಿಲ್ಲ, ಪೆನ್ಸಿಲಿನ ಅಂಕಿಗಳನ್ನು ಯಾರೂ ಮುಟ್ಟಿಲ್ಲ. ನನ್ನ ಬೆರಳು ಎರಡು ಸಲ ನಾಲ್ಕನೆಯ ಕಾರ್ಡಿನ ಅಂಕಿಯವರೆಗೆ ಹೋಗಿ ಬಂದಿದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ನಾವು ಹೆಚ್ಚಿನವರು ಲೋಕವನ್ನು ಅಂಗೈಯಿಂದ ಮುಟ್ಟುವವರು; ಮುಟ್ಟಿದ್ದನ್ನು ಹಿಡಿಯುತ್ತೇವೆ, ಹಿಡಿದದ್ದನ್ನು ಇನ್ನೊಂಚೂರು ಎಳೆಯುತ್ತೇವೆ, ಕಿತ್ತು ಬಂದಾಗ ಕರೆಂಟನ್ನು ಬಯ್ಯುತ್ತೇವೆ. ಕೈಬೆನ್ನಿನಿಂದ ಮುಟ್ಟುವ ಕುಲವೊಂದು ನಮ್ಮ ನಡುವೆಯೇ ಎಡಕ್ಕೆ ವಾಲಿಕೊಂಡು ನಡೆದಾಡುತ್ತದೆ. ಬಿಸಿಯೆಷ್ಟೆಂದು ಅದಕ್ಕೆ ತಿಳಿಯಬೇಕು, ಅಷ್ಟೇ. ವಶಮಾಡಿಕೊಳ್ಳುವ ಹಂಬಲ ಆ ಕೈಗಿಲ್ಲ. ಪ್ರತಿಯೊಂದಕ್ಕೂ ಅದರ ಶಕ್ತಿಯೆಷ್ಟೋ ಅಷ್ಟನ್ನು ಪೆನ್ಸಿಲಿನಲ್ಲಿ ಬರೆದಿಟ್ಟು, ಬಯ್ಯಬೇಡಿ ಎಂದು ಹೇಳಿ ಹೊರಡುವ ಆ ಜನ ನಮ್ಮ ಮೇಲೂ ಒಂದು ಬಿಳಿಯ ಪಟ್ಟಿ ಅಂಟಿಸಿ ಹೋಗಿರುತ್ತಾರೆಂದು ನನ್ನ ಗುಮಾನಿ. ಅದು ಬೆನ್ನಿನ ಮೇಲಿರುವುದರಿಂದ ನಮಗೆ ಓದಲಿಕ್ಕೆ ಬರುವುದಿಲ್ಲ, ಅಕ್ಕಂದಿರು ಓದುತ್ತಾರೆ.