ಬಿಟ್ಟುಬಿಡಿ ಅಂದಿದ್ದ ಸಾಲು

ವೇದಿಯ ಮೇಲಿನ ಬಿಳಿ ಬಟ್ಟೆ ಎಡಗಡೆ ಎರಡು ಬೆರಳು ಇಳಿದಿದೆ, ಮಡಿಕೆಯೂ ಓರೆ, ಯಾರು ಇಸ್ತ್ರಿ ಮಾಡಿದರೋ, ನನ್ನ ಮದುವೆಯ ದಿನವೂ ನನ್ನ ಕಣ್ಣಿಗೆ ಇದೇ ಬೀಳಬೇಕೇ — ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಮೂವತ್ತೊಂದು ವರ್ಷ ಹೊದಿಕೆ ಮಡಚಿದವಳಿಗೆ ಇನ್ನೇನು ಕಂಡೀತು, ಐವತ್ತೆಂಟಕ್ಕೆ ಮದುಮಗಳು, ಕೈಯಲ್ಲಿ ಹೂಗುಚ್ಛ, ಮೊಣಕಾಲಲ್ಲಿ ನೋವು, ಪಕ್ಕದಲ್ಲಿ ಇವರು, ಆಂಬುಲೆನ್ಸ್ ಓಡಿಸಿ ಓಡಿಸಿ ಅರ್ಧ ಕಿವಿ ಕಳೆದುಕೊಂಡ ಮನುಷ್ಯ, ಆಸ್ಪತ್ರೆಯವರೆಲ್ಲ ಕರೆಯುವುದೇ ಸೈರನ್ ಅಂತ, ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಒಗೆದ ಹೊದಿಕೆಗೆ ಅಂತ ನನ್ನ ಕಿಟಕಿಗೆ ಬರುವರು, ಎರಡು ಬೇಕಿದ್ದರೂ ಒಂದೇ ಒಯ್ಯುವರು, ಇನ್ನೊಂದಕ್ಕೆ ಮತ್ತೆ ಬರಬಹುದಲ್ಲ ಅಂತ, ಅದು ತಲೆಗೆ ಹೋಗಲು ನನಗೆ ನಾಲ್ಕು ವರ್ಷ ಬೇಕಾಯಿತು, ಎಂಥ ದಡ್ಡಿ. ಪಾಸ್ಟರ್ ಪುಸ್ತಕ ತೆರೆದರು, ಪಾಪ, ಚಿಕ್ಕ ವಯಸ್ಸು, ಅವರು ಮಾಡಿಸುವ ಮೊದಲ ಮದುವೆ, ಪುಟ ತಿರುವುತ್ತಿದ್ದಾರೆ, ನೆನಪಿದೆಯೋ ಇಲ್ಲವೋ, ಮೊನ್ನೆ ಅವರ ಕೋಣೆಗೆ ಹೋಗಿ ಹೇಳಿದ್ದೆನಲ್ಲ, ದೇವರು ಆದಿಯಲ್ಲಿ ಗಂಡುಹೆಣ್ಣಿಗೆ ಹೇಳಿದ ಆ ಮಾತು ನನ್ನ ಮದುವೆಯಲ್ಲಿ ಬೇಡ, ಬಿಟ್ಟುಬಿಡಿ. ಖಂಡಿತ ಬಿಡ್ತೀನಿ ಆಂಟಿ ಅಂದು ಪೆನ್ಸಿಲಿನಲ್ಲಿ ಗೀಟು ಎಳೆದರು, ಯಾಕೆ ಅಂತ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆ — ಅತ್ತೆಯ ಕಡೆ ಬೆರಳು ತೋರಿಸುತ್ತಿದ್ದೆನೇ?

ಅಗೋ ಮುಂದಿನ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ, ತೊಂಬತ್ತರ ಮುದುಕಿ, ಮೊದಲ ಗಂಡನ ತಾಯಿ, ಅವನು ಸತ್ತು ಇಪ್ಪತ್ತೆರಡು ವರ್ಷವಾದರೂ ನನಗೆ ಅತ್ತೆಯೇ — ಅವನು ಬದುಕಿದ್ದಾಗ ಪ್ರತಿ ತಿಂಗಳು ಬಚ್ಚಲಿನ ಬಾಗಿಲಲ್ಲಿ ನಿಂತಿರುವರು, ಈ ಸಲಾನೂ ಇಲ್ವೇನೇ, ಊಟಕ್ಕೆ ಮುಂಚೆ ಬೈಬಲ್ ತೆರೆದರೆ ಅದೇ ಪುಟ, ಫಲಭರಿತರಾಗಿ, ಹೆಚ್ಚಿರಿ, ಹಡೀರಿ ಅಂತ ದೇವರ ಆಜ್ಞೆ ಕಣೇ ಅದು, ನೀನೊಬ್ಳು ಮೀರ್ತಿದೀಯ — ನನ್ನ ತಟ್ಟೆ ತಣ್ಣಗಾಗುತ್ತಿತ್ತು, ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಅವನು ಹೋದ ಮೇಲೆ ತೌರಿಗೆ ಹೊರಟು ಪೆಟ್ಟಿಗೆ ಕಟ್ಟಿದೆ, ಅತ್ತೆ ಮೂಲೆಯಲ್ಲಿ ಕೂತಿದ್ದರು, ಎಂಟು ದಿನದಿಂದ ಬಾಚದ ಕೂದಲು ಸಿಕ್ಕುಗಟ್ಟಿತ್ತು, ಇದೊಂದು ಬಿಡಿಸಿ ಹೋಗೋಣ ಅಂತ ಹಿಂದೆ ಕೂತೆ, ತೌರಿಗೆ ಹೋಗಲೇ ಇಲ್ಲ, ಆ ಬಾಚಣಿಗೆ ಇನ್ನೂ ಕೆಳಗಿಟ್ಟಿಲ್ಲ.

ದೇವರು ಅವರನ್ನು ಆಶೀರ್ವದಿಸಿ — ಅಯ್ಯೋ, ಓದುತ್ತಿದ್ದಾರೆ, ಓದಿಯೇಬಿಟ್ಟರು — ಫಲಭರಿತರಾಗಿ, ಹೆಚ್ಚಿರಿ, ಅಷ್ಟಕ್ಕೆ ಗೀಟು ಕಂಡಿತೇನೋ, ಓದು ನಿಲ್ಲಿಸಿದರು, ಕಿವಿ ಕೆಂಪಾಯಿತು, ಇವರು ನನ್ನ ಕಿವಿಗೆ ಬಗ್ಗಿ ಪಿಸುಗುಟ್ಟಿದರು, ಅಂದರೆ ಎಲ್ಲರಿಗೂ ಕೇಳಿತು, ಪ್ರಯತ್ನ ಅಂತೂ ಪಡ್ತೀವಿ ಅಂತ ಹೇಳ್ಲೇನೇ? ಚರ್ಚೆಲ್ಲ ಬಿದ್ದು ಬಿದ್ದು ನಗುತ್ತಿದೆ, ನನಗೆ ಅಳು ಬರಬೇಕಿತ್ತು, ಕಾಯುತ್ತಿದ್ದೇನೆ, ಬರುತ್ತಿಲ್ಲ, ಆಶೀರ್ವದಿಸಿ ಅಂತ ಇದೆಯಲ್ಲ, ಆ ಮಾತಿಗೆ ಮುಂಚೆಯೇ, ಇಷ್ಟು ವರ್ಷ ಕಿವಿಗೆ ಬೀಳಲೇ ಇಲ್ಲ, ಅತ್ತೆ ಅದನ್ನು ನುಂಗಿ ಓದುತ್ತಿದ್ದರೋ, ನಾನೇ ಕೇಳಿಸಿಕೊಳ್ಳಲಿಲ್ಲವೋ, ಮೀನನ್ನೂ ಹಕ್ಕಿಯನ್ನೂ ದೇವರು ಹೀಗೇ ಹರಸಿದನಂತೆ, ಮೀನು ಯಾವತ್ತಾದರೂ ಇದನ್ನು ನೋಟೀಸು ಅಂತ ಓದಿಕೊಂಡಿದೆಯೇ, ಯೇಸುವೂ ಅಷ್ಟೇ, ನಾನು ದ್ರಾಕ್ಷಿಬಳ್ಳಿ ನೀವು ಕೊಂಬೆ ಅಂದವನು, ಕೊಂಬೆಗೆ ಬಳ್ಳಿಯಲ್ಲಿ ನೆಲೆಸು ಅಂದ, ಹೆರು ಅನ್ನಲಿಲ್ಲ, ಫಲ ತಾನಾಗಿ ಬರುತ್ತದೆ ಅಂದ, ಯಾರ ಬಾಯಿಗೆ ಹಣ್ಣಾಗಿ ಬಿತ್ತು ಅಂತ ಕೊಂಬೆಗೆ ತಿಳಿಯಲೇಬೇಕೇ — ಯಾರೋ ಕುರ್ಚಿಯ ತೋಳು ಬಡಿಯುತ್ತಿದ್ದಾರೆ, ಅತ್ತೆ. ಯಾಕೆ ನಿಲ್ಸಿದ್ರಿ ಪಾಸ್ಟರೇ, ಓದಿ, ನನ್ನ ಸೊಸೇಲಿ ಫಲ ಇಲ್ಲ ಅಂತ ಯಾರ್ರೀ ಹೇಳಿದ್ದು?

ನೀವೇ ಅತ್ತೆ, ನೀವೇ! ಜೋರಾಗಿ ಅಂದುಬಿಟ್ಟೆನೋ ಏನೋ, ಎಲ್ಲರೂ ನನ್ನತ್ತ ತಿರುಗಿದರು, ಅತ್ತೆಯೂ, ಮರೆತಿಲ್ಲ, ಆ ಕಣ್ಣಿಗೆ ಎಲ್ಲ ನೆನಪಿದೆ, ನಾನೇ ಕಣೇ, ತಪ್ಪಾಯ್ತು ಅಂದರು, ಎಲ್ಲರೆದುರಿಗೆ, ಇಷ್ಟು ಸಲೀಸಾಗಿ, ಆಮೇಲೆ ನಕ್ಕರು, ಯಾವತ್ತೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುವವರು ಕೈ ಎತ್ತಲಿಲ್ಲ, ಒಳಗೆ ಒಂದೇ ಹಲ್ಲು — ಏನಂದ್ರು, ಏನಂದ್ರು ಅಂತ ಇವರು ಕೂಗುತ್ತಿದ್ದಾರೆ, ಈ ಪುರುಷನನ್ನು ಸ್ವೀಕರಿಸುವೆಯಾ ಅಂತ ಪಾಸ್ಟರ್ ಕೇಳುತ್ತಿದ್ದಾರೆ, ಹೂಂ ಅನ್ನಬೇಕು, ನಗು ಬಿಡುತ್ತಿಲ್ಲ, ಹೂಂ, ಅಂದೆ, ಅಂದೆನೇ, ಅತ್ತೆಯ ಇಷ್ಟಗಲ ತೆರೆದ ಬಾಯಿ, ಅದರಲ್ಲಿ ಒಂದೇ ಹಲ್ಲು, ಬೆಳ್ಳಗೆ, ಒಂದೇ ಹಲ್ಲು